ಕೂಗದೆ ಸ್ವಿಚ್ಚು ಹಾಕದ ಜುಂಜಣ್ಣ

ಜುಂಜಣ್ಣ ಯಾವ ಸ್ವಿಚ್ಚು ಹಾಕಬೇಕಾದರೂ ಮೊದಲು ಕೂಗುತ್ತಿದ್ದ. “ಒಳಗ್ಯಾರಾರ ಇದ್ದೀರೇನ್ರಪ್ಪೋ?” ಒಂದು ಸಲವಲ್ಲ, ಮೂರು ಸಲ. ಆಮೇಲೆ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸುತ್ತ ಹದಿನಾರು ಎಣಿಸಿ, ಯಾರೂ ಓಗೊಡಲಿಲ್ಲ ಅಂತ ಖಾತ್ರಿಯಾದ ಮೇಲೆ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ನೀರಿನ ಟ್ಯಾಂಕಿನ ಮೋಟಾರಿಗೆ ಹೀಗೆ ಮಾಡಿದರೆ ಹೋಗಲಿ ಅನ್ನಬಹುದು. ಲ್ಯಾಬಿನ ಫ್ಯಾನಿಗೂ ಅದೇ, ಸ್ಟಾಫ್ ರೂಮಿನ ಟ್ಯೂಬ್‌ಲೈಟಿಗೂ ಅದೇ. ಹೊಸದಾಗಿ ಬಂದ ಮೇಷ್ಟ್ರುಗಳು ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಒಬ್ಬ ಮಹಾಶಯ “ಟ್ಯೂಬ್‌ಲೈಟಿನೊಳಗೆ ಯಾರಿರ್ತಾರ್ರೀ?” ಅಂತ ನನ್ನನ್ನೇ ಕೇಳಿದ. ನನಗೆ ಕೋಪ ಮೂಗಿನ ತುದಿಯಲ್ಲೇ. “ನಿಮ್ಮಂಥೋರು ಇರ್ತಾರೆ” ಅಂದುಬಿಟ್ಟೆ. ಆ ಕೂಗು ಶುರುವಾದ ದಿನ ನಾನು ಜುಂಜಣ್ಣನ ಜೊತೆಗೇ ಇದ್ದೆ. ಆ ದಿನ ಕಂಡವರಿಗೆ ನಗು ಬರುವುದಿಲ್ಲ.

ಅವನು ಮಧುಗಿರಿಯ ನಮ್ಮ ಹೈಸ್ಕೂಲಿನಲ್ಲಿ ಸೈನ್ಸ್ ಲ್ಯಾಬಿನ ಅಟೆಂಡರ್. ನಾನು ಲೆಕ್ಕದ ಟೀಚರ್, ಎಪ್ಪತ್ತರ ದಶಕದ ಕೊನೆಯಲ್ಲಿ ಪಾವಗಡದಿಂದ ಬಂದವಳು. ಅವನು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಮೊದಮೊದಲು “ನೀವು” ಅಂದರೆ ಬೆನ್ನ ಹಿಂದೆ ಇನ್ಯಾರೋ ಬಂದಿದ್ದಾರೆ ಅಂತ ತಿರುಗಿ ನೋಡುತ್ತಿದ್ದ. ಹಾಗಾಗಿ ನಮ್ಮ ನಡುವೆ ಅವನು ನೀನು, ನಾನು ಟೀಚರಮ್ಮ. ಉದ್ದ ಕಾಲು, ಬತ್ತಿದ ಕೆನ್ನೆ, ಕಿವಿಯಲ್ಲೊಂದು ಒಂಟಿ. ಬೆರಳ ತುದಿಗಳು ಆಸಿಡ್ಡಿಗೂ ಬೆಸುಗೆಗೂ ಸುಟ್ಟು ಕಪ್ಪಗಾಗಿದ್ದವು. ಬಡವನಹಳ್ಳಿ ಹತ್ತಿರದ ಒಂದು ಗೊಲ್ಲರಹಟ್ಟಿಯವನು. ಅಪ್ಪ ಕುರಿ ಮೇಯಿಸುತ್ತಿದ್ದವನು, ತಾತನೂ ಅಷ್ಟೇ. ಇವನು ಎಸ್ಸೆಸ್ಸೆಲ್ಸಿಗೆ ನಿಂತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. “ಯಾವ ಹೆಣ್ಣು ಈ ಗುಜರಿ ಜೊತೆ ಬಾಳ್ತಾಳೆ ಟೀಚರಮ್ಮ?” ಅನ್ನುತ್ತಿದ್ದ. ಬೆಟ್ಟದ ಬುಡದಲ್ಲಿ ಅವನ ಬಾಡಿಗೆ ರೂಮು ನೋಡಿದರೆ ಅದು ನಿಜವೇ ಅನ್ನಿಸುತ್ತಿತ್ತು. ಕಾಲಿಡಲು ಜಾಗವಿರಲಿಲ್ಲ.

ಆ ಗುಜರಿಯಿಂದ ಏನೇನು ಹುಟ್ಟುತ್ತಿತ್ತು! ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಶಿರಾ ಸಂತೆಯಲ್ಲಿ ಸಿಕ್ಕ ಯಾರದೋ ಕನ್ನಡಕದ ಗಾಜು ಕೂರಿಸಿ ಕ್ಯಾಮೆರಾ ಮಾಡಿದ್ದ. ಅದರ ಹಿಂಭಾಗದಲ್ಲಿ ಮರಳು ಹಾಕಿ ಉಜ್ಜಿದ ಒಂದು ಗಾಜು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೋಡಿದರೆ ಎದುರಿಗಿದ್ದವರು ಆ ಗಾಜಿನ ಮೇಲೆ ತಲೆಕೆಳಗಾಗಿ ಕಾಣುತ್ತಿದ್ದರು. ಎರಡು ಸತ್ತ ಮೊಪೆಡ್‌ಗಳನ್ನು ಸೇರಿಸಿ ಒಂದು ಬದುಕುವ ಗಾಡಿ ಮಾಡಿದ್ದ. ಎಲ್ಲಕ್ಕಿಂತ ದೊಡ್ಡದು ಸ್ಕೂಲಿನ ಗಂಟೆ. ಒಂದು ಲಟ್ಟಣಿಗೆಗೆ ಸುತ್ತಲೂ ಮೊಳೆ ಹೊಡೆದು, ಹಳೇ ಗೋಡೆ ಗಡಿಯಾರದ ಯಂತ್ರಕ್ಕೆ ಸಿಕ್ಕಿಸಿ, ಅದು ಮೆಲ್ಲಗೆ ತಿರುಗುವಾಗ ಮೊಳೆ ಬಂದು ಸನ್ನೆಕೋಲಿಗೆ ತಗುಲಿದಾಗೆಲ್ಲ ಗಂಟೆ ಹೊಡೆಯುವ ಹಾಗೆ ಮಾಡಿದ್ದ. ಎಷ್ಟು ದೂರಕ್ಕೊಂದು ಮೊಳೆ ಅಂತ ಲೆಕ್ಕ ಹಾಕಿಕೊಟ್ಟವಳು ನಾನು. ಆ ಲಟ್ಟಣಿಗೆಗೆ ಅವನು ಇಟ್ಟ ಹೆಸರು ‘ಪ್ರೋಗ್ರಾಮು’. ಆ ಮಾತು ಮಧುಗಿರಿಯಲ್ಲಿ ಆಗ ರೇಡಿಯೋಗಷ್ಟೇ ಬಳಕೆಯಲ್ಲಿತ್ತು.

ಒಂದು ದಿನ ಅದು ಮೂರನೇ ಪೀರಿಯಡ್ಡಿಗೇ ಲಾಂಗ್ ಬೆಲ್ ಹೊಡೆದು ಇಡೀ ಸ್ಕೂಲು ಖಾಲಿಯಾಯಿತು. ಹೆಡ್‌ಮಾಸ್ಟರು ಬೆಂಕಿಯಾದರು. ಜುಂಜಣ್ಣ ತಣ್ಣಗೆ, “ಅದೇನ್ ಕೆಟ್ಟಿಲ್ಲ ಸಾರ್. ನಾವ್ ಹೇಳಿದ್ದನ್ನೇ ಮಾಡೈತೆ. ಹೇಳಿದ್ದೇ ತಪ್ಪು” ಅಂದ. ತಪ್ಪು ನನ್ನ ಲೆಕ್ಕದ್ದು ಅಂತ ಅವನಿಗೆ ಗೊತ್ತಿತ್ತು. ನನ್ನ ಹೆಸರು ಎತ್ತಲೇ ಇಲ್ಲ ಪುಣ್ಯಾತ್ಮ.

ಈ ಗಂಟೆಯ ತಮ್ಮನೇ ಬಾವಿಯ ಪೆಟ್ಟಿಗೆ. ಆಗ ಹಳ್ಳಿಗಳಿಗೆ ಮೋಟಾರಿನ ಕರೆಂಟು ಹೊತ್ತು ಗೊತ್ತು ಮಾಡಿಕೊಂಡು ಬರುತ್ತಿತ್ತು. ಬಂದ ಕೂಡಲೇ ಓಡಿ ಹೋಗಿ ಸ್ಟಾರ್ಟರ್ ಒತ್ತಬೇಕು. ಅದಕ್ಕೆ ರೈತರು ಸ್ಟಾರ್ಟರಿನ ಗುಂಡಿಗೆ ಕಡ್ಡಿ ಸಿಕ್ಕಿಸಿ ರಬ್ಬರು ಕಟ್ಟಿಬಿಡುತ್ತಿದ್ದರು, ಕರೆಂಟು ಬಂದರೆ ಮೋಟಾರು ತಾನೇ ಓಡಲಿ ಅಂತ. ಬಾವಿಗಳಲ್ಲಿ ನೀರು ಇಳಿದ ಹಾಗೆಲ್ಲ ಮೋಟಾರನ್ನೂ ಒಳಗಿನ ಕಟ್ಟೆಗೆ ಇಳಿಸಿದ್ದ ಕಾಲ ಅದು. ಒಳಗೆ ರಿಪೇರಿಗೆ ಇಳಿದವನ ಗತಿ ಏನು? ಆ ಸುತ್ತಿನಲ್ಲಿ ಒಬ್ಬನ ಮುಂಗೈಯೇ ಹೋಗಿತ್ತು. ಜುಂಜಣ್ಣ ಅವನನ್ನು ನೋಡಿ ಬಂದವನು ಎರಡು ದಿನ ರೂಮಿನ ಗುಜರಿ ಕೆದಕುತ್ತ ಕೂತ. ಮೂರನೇ ದಿನ ಹೊಸದೊಂದು ಲಟ್ಟಣಿಗೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತ.

“ಕರೆಂಟು ಬಂದೇಟಿಗೆ ಗಂಟೆ ಹೊಡೀಬೇಕು ಟೀಚರಮ್ಮ. ಒಳಗಿರೋನು ಮ್ಯಾಕೆ ಹತ್ಕೊಂಡ್ ಬರೋಗಂಟ ಟೈಮ್ ಕೊಟ್ಟು, ಆಮ್ಯಾಕೆ ಮೋಟಾರು. ಲೆಕ್ಕ ಹಾಕ್ಕೊಡಿ.”

ಹಾಕಿಕೊಟ್ಟೆ. ಲಟ್ಟಣಿಗೆಯ ಎಡತುದಿಗೆ ಸಾಲಾಗಿ ಆರು ಮೊಳೆ, ಅವು ಗಂಟೆಯವು. ಬಲತುದಿಗೆ ಒಂದೇ ಒಂಟಿ ಮೊಳೆ, ಅದು ಮೋಟಾರಿನದು. ಗಂಟೆಗೂ ಮೋಟಾರಿಗೂ ನಡುವೆ ಮೂರು ನಿಮಿಷ. ಮೊದಲ ಪೆಟ್ಟಿಗೆ ಅವನ ತಂಗಿ ಕರಿಯಮ್ಮನ ಹೊಲಕ್ಕೆ ಹೋಯಿತು. ಅವಳ ಗಂಡ ಚಿತ್ತಯ್ಯ ಊರೆಲ್ಲ ಡಂಗುರ ಹೊಡೆದ. ವರ್ಷ ತುಂಬುವುದರೊಳಗೆ ಕೊರಟಗೆರೆ, ಪಾವಗಡದ ಕಡೆಗೂ ಸೇರಿ ಹನ್ನೊಂದು ಬಾವಿಗಳ ಮೇಲೆ ಜುಂಜಣ್ಣನ ಪೆಟ್ಟಿಗೆ ಕೂತಿತ್ತು.

ಆ ವರ್ಷದ ಆಯುಧಪೂಜೆಗೆ ಅವನು ಹಟ್ಟಿಗೆ ಹೋದ, ಕ್ಯಾಮೆರಾ ಸಮೇತ. ಚಿತ್ತಯ್ಯ ಪಂಪ್‌ಶೆಡ್ಡು ಗುಡಿಸಿ, ಪೆಟ್ಟಿಗೆಯ ಬಾಗಿಲು ತೆಗೆದು, ಸ್ಪ್ಯಾನರು, ಗುದ್ದಲಿ, ನೇಗಿಲು ಎಲ್ಲದರ ಜೊತೆ ಲಟ್ಟಣಿಗೆಯನ್ನೂ ಬಿಚ್ಚಿ ತೊಳೆದು, ಕುಂಕುಮವಿಟ್ಟು, ವಾಪಸ್ಸು ಕೂರಿಸಿ ಸೇವಂತಿಗೆ ಹಾರ ಹಾಕಿದ್ದ. ಪೆಟ್ಟಿಗೆಯ ಮೇಲೆ ಕುಂಕುಮದಲ್ಲಿ ಒಂದು ‘ಶ್ರೀ’. “ಬರೀ ಪೆಟ್ಟಿಗೇದು ಒಂದು ಫೋಟೋ ಹೊಡಿ ಭಾವ” ಅಂದನಂತೆ. ಇವನು ಹೊಡೆದ. ಪೂಜೆಗಿಟ್ಟ ಆಯುಧವನ್ನು ಎರಡು ದಿನ ಮುಟ್ಟುವ ಹಾಗಿಲ್ಲ, ಮೋಟಾರು ಓಡಿಸುವ ಹಾಗೂ ಇಲ್ಲ. “ನಾಡಿದ್ದು ಪೂಜೆ ತೆಗೆದೇಟಿಗೆ ಬಾವಿಗಿಳಿದು ಪಂಪಿನ ದಾರ ಬದಲಾಯಿಸ್ತೀನಿ. ಎಲ್ಡು ಗಂಟೆಗೆ ಕರೆಂಟು. ನಿನ್ ಗಂಟೆ ಐತಲ್ಲ, ಹೊಡೀತಿದ್ದಂಗೆ ಮ್ಯಾಕ್ ಬತ್ತೀನಿ” ಅಂತಲೂ ಚಿತ್ತಯ್ಯ ಹೇಳಿದ್ದ. ನೀರು ಸೋರದ ಹಾಗೆ ಪಂಪಿನ ತಿರುಗುವ ಕಂಬಿಗೆ ಸುತ್ತುವ ಗ್ರೀಸಿನ ದಾರ ಅದು. ಎರಡೂ ಕೈ ಒಳಗೆ ಹಾಕದೆ ಸುತ್ತಲಿಕ್ಕಾಗದು.

ಆ ನಾಡಿದ್ದು, ಮಧ್ಯಾಹ್ನ ಒಂದು ಗಂಟೆ. ದಸರಾ ರಜ. ನಾನು ಮಾರ್ಕ್ಸ್ ಪಟ್ಟಿ ಬರೆಯಲು ಸ್ಕೂಲಿಗೆ ಬಂದಿದ್ದೆ. ಜುಂಜಣ್ಣ ಲ್ಯಾಬಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ಲಾಟೀನಿಗೆ ಕೆಂಪು ಕಾಗದ ಸುತ್ತಿ ಫೋಟೋ ತೊಳೆಯುತ್ತಿದ್ದ. ಕರೆದ, ಹೋದೆ. ತಟ್ಟೆಯ ನೀರಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಹಾರ ಮೂಡಿತು, ಆಮೇಲೆ ಪೆಟ್ಟಿಗೆ, ಆಮೇಲೆ ಲಟ್ಟಣಿಗೆ. ನಾನು ಮೊಳೆ ನೋಡಿದೆ. ನನ್ನ ಲೆಕ್ಕವಲ್ಲವೇ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

“ಜುಂಜಣ್ಣ, ಫೋಟೋ ಎಡ ಬಲ ತಿರುವಿ ತೆಗೆದಿದ್ದೀಯ. ಒಂಟಿ ಮೊಳೆ ಎಡಕ್ಕೆ ಬಂದಿದೆ ನೋಡು.”

ಅವನು ಬಗ್ಗಿದ. ಪೆಟ್ಟಿಗೆಯ ಮೇಲಿನ ಕುಂಕುಮದ ಅಕ್ಷರಕ್ಕೆ ಬೆರಳು ತೋರಿಸಿದ.

“ಶ್ರೀ ಸರಿಯಾಗೈತೆ ಟೀಚರಮ್ಮ” ಅಂದ.

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಲಾಟೀನನ್ನು ತಟ್ಟೆಯ ಹತ್ತಿರಕ್ಕೆ ಎಳೆದೆ. ‘ಶ್ರೀ’ ನೆಟ್ಟಗೆ ಓದಲು ಬರುತ್ತದೆ ಅಂದರೆ ಫೋಟೋ ತಿರುಗಿಲ್ಲ. ತಿರುಗಿರುವುದು ಲಟ್ಟಣಿಗೆ. ಚಿತ್ತಯ್ಯ ತೊಳೆದು ವಾಪಸ್ಸು ಹಾಕುವಾಗ ತುದಿ ಅದಲುಬದಲಾಗಿದೆ. ಈಗ ಕರೆಂಟು ಬಂದ ಕೂಡಲೇ ಗಂಟೆಯ ಮೊಳೆಗಳು ಮೋಟಾರಿನ ಸನ್ನೆಯನ್ನು ಒತ್ತುತ್ತವೆ. ಮೊದಲು ಮೋಟಾರು. ಮೂರು ನಿಮಿಷ ಬಿಟ್ಟು ಗಂಟೆ.

“ನಾನೇ ನೋಡಿದ್ನಲ್ಲ! ಕಣ್ಣಾರೆ ನೋಡಿದ್ನಲ್ಲ!” ಅಂತ ಹಣೆ ಚಚ್ಚಿಕೊಂಡ. ನೋಡಿದ್ದ, ಆದರೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ. ಅವನ ಉಜ್ಜಿದ ಗಾಜಿನಲ್ಲಿ ಎಲ್ಲವೂ ತಲೆಕೆಳಗು, ಎಡದ್ದು ಬಲಕ್ಕೆ. ತಪ್ಪಾಗಿ ಕೂತ ಲಟ್ಟಣಿಗೆ ಆ ಗಾಜಿನಲ್ಲಿ ಸರಿಯಾಗಿ ಕಂಡಿತ್ತು. ಅವನದೇ ಕ್ಯಾಮೆರಾ ಅವನ ಕಣ್ಣಿಗೆ ಮಣ್ಣೆರಚಿತ್ತು.

ಒಂದೂ ಹತ್ತು. ಟ್ರಂಕ್ ಕಾಲ್ ಮಾಡೋಣ ಅಂದೆ. ಬಡವನಹಳ್ಳಿ ಪೋಸ್ಟಾಫೀಸಿಗೆ ಸಿಕ್ಕರೂ ಅಲ್ಲಿಂದ ಹಟ್ಟಿ ಎರಡು ಮೈಲಿ, ಹೇಳಿ ಕಳಿಸಲು ಯಾರಿದ್ದಾರೆ? ಕರೆಂಟು ಬಿಡುವ ಸ್ಟೇಷನ್ನು ಶಿರಾ ಕಡೆಗೆ, ಇನ್ನೂ ದೂರ. ಬಸ್ಸು ಆಗಲೇ ಹೋಗಿತ್ತು. ಜುಂಜಣ್ಣ ಗಾಡಿ ಹೊರಗೆಳೆದ. “ನಾನೂ ಬರ್ತೀನಿ” ಅಂದೆ. “ಇಬ್ಬರಾದ್ರೆ ಎಳೆಯಲ್ಲ” ಅಂದ. “ಮೂರು ನಿಮಿಷದ ಲೆಕ್ಕ ನಂದು. ಸುಮ್ಮನೆ ಹೊಡಿ” ಅಂತ ಬೈದು ಹಿಂದೆ ಹತ್ತಿ ಕೂತೆ.

ಆ ದಾರಿ ನನಗೆ ಇವತ್ತಿಗೂ ಕಲ್ಲು ಕಲ್ಲಿನ ಲೆಕ್ಕದಲ್ಲಿ ನೆನಪಿದೆ. ಏರು ಬಂದರೆ ನಾನು ಇಳಿದು ಸೀರೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳುವುದು, ಅವನು ಪೆಡಲ್ ತುಳಿಯುವುದು. ಇಳಿಜಾರಿನಲ್ಲಿ ಬ್ರೇಕ್ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: “ಎಷ್ಟಾಯ್ತು ಟೀಚರಮ್ಮ?” ನಾನು ಗಡಿಯಾರ ನೋಡಿ ಹೇಳುವುದು. ಒಂದೂ ಮೂವತ್ತು. ಒಂದೂ ನಲವತ್ತು. ಅರ್ಧ ದಾರಿಯಲ್ಲಿ ಒಂದು ಕುರಿಮಂದೆ ರಸ್ತೆ ತುಂಬ ಹರಡಿಕೊಂಡು ಬರುತ್ತಿತ್ತು. ಹಾರ್ನಿಗೆ ಕುರಿ ಜಗ್ಗುತ್ತದೆಯೇ? ನನಗೆ ಅಳುವೇ ಬಂತು. ಜುಂಜಣ್ಣ ನಾಲಗೆ ಮಡಿಸಿ ಗಂಟಲಿನಿಂದ ಎಂಥದೋ ಒಂದು ಸದ್ದು ತೆಗೆದ. ಲ್ಯಾಬಿನಲ್ಲಿ ಒಂದು ದಿನವೂ ಕೇಳಿರದ ಸದ್ದು. ಮಂದೆ ಎರಡು ಭಾಗವಾಗಿ ದಾರಿ ಬಿಟ್ಟಿತು. ಅವರಪ್ಪನ ಸದ್ದು ಅದು ಅಂತ ಆಮೇಲೆ ಹೇಳಿದ.

ಬಡವನಹಳ್ಳಿ ಸೇರಿದಾಗ ಎರಡಕ್ಕೆ ಆರು ನಿಮಿಷವಿತ್ತು. ಹಿಟ್ಟಿನ ಗಿರಣಿ ಮುಂದೆ ಹೆಂಗಸರು ರಾಗಿ ಪುಟ್ಟಿ ಇಟ್ಟುಕೊಂಡು ಕೂತಿದ್ದರು. ಅಂದರೆ ಕರೆಂಟು ಬಂದಿಲ್ಲ. “ಬಂದಿಲ್ಲ ಜುಂಜಣ್ಣ, ಬಂದಿಲ್ಲ!” ಅಂತ ಅವನ ಬೆನ್ನು ಗುದ್ದಿದೆ. ಗಾಡಿ ಎಡಕ್ಕೆ ಹಟ್ಟಿಯ ಬಂಡಿಜಾಡಿಗೆ ತಿರುಗಿತು. ನಾಲ್ಕು ಹೊಲ ದಾಟಿರಬೇಕು, ಬೆನ್ನ ಹಿಂದೆ ಗಿರಣಿ ಗುರ್ರ್ ಅಂತ ಶುರುವಾಯಿತು.

ಜುಂಜಣ್ಣ ಎಷ್ಟಾಯ್ತು ಅಂತ ಮತ್ತೆ ಕೇಳಲಿಲ್ಲ. ಮರಳಿನಲ್ಲಿ ಗಾಡಿ ಹೂತುಕೊಂಡಿತು. ಅಲ್ಲೇ ಕೆಡವಿ ಓಡಿದ. ನಾನು ಚಪ್ಪಲಿ ಕಿತ್ತೆಸೆದು ಹಿಂದೆ ಓಡಿದೆ. ಹುಣಸೇಮರ ದಾಟಿದರೆ ಪಂಪ್‌ಶೆಡ್ಡು ಕಾಣುತ್ತದೆ. ಮರದ ಹತ್ತಿರ ಅವನು ಗಕ್ಕನೆ ನಿಂತುಬಿಟ್ಟ.

“ಸದ್ದಿಲ್ಲ” ಅಂದ.

“ಒಳ್ಳೇದಾಯ್ತಲ್ಲ, ಮೋಟಾರು ಓಡಿಲ್ಲ.”

“ಶೆಡ್ಡಿನ ಬಲ್ಬು ಹತ್ತೈತೆ ಟೀಚರಮ್ಮ. ಕರೆಂಟು ಐತೆ. ಮೋಟಾರು ಓಡೈತೆ. ಏನಾರ ಸಿಗಾಕ್ಕೊಂಡ್ರೆ ಅದು ನಿಂತ್ಬುಡ್ತೈತೆ.”

ಏನು ಸಿಕ್ಕಿಕೊಂಡರೆ ಅಂತ ನಾನು ಕೇಳಲಿಲ್ಲ. ಅವನ ಆ ಉದ್ದ ಕಾಲುಗಳು ಕಂಬದ ಹಾಗೆ ನೆಟ್ಟುಕೊಂಡಿದ್ದವು. ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ನನಗೂ ಧೈರ್ಯವಿತ್ತು ಅಂತಲ್ಲ. ಯಾರಾದರೊಬ್ಬರು ನೋಡಲೇಬೇಕಲ್ಲ.

ಬಾವಿಯ ದಡದ ಮೇಲೆ ಕರಿಯಮ್ಮ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಇದೇನಣ್ಣ, ಟೀಚರಮ್ಮಾರ್ನ ಹಿಂಗೆ ಓಡಿಸ್ಕೊಂಡ್ ಬಂದಿದ್ದೀಯ?” ಅಂದಳು. ಆಮೇಲೆ ಬಾವಿಗೆ ಬಗ್ಗಿ, “ಏನ್ರೀ, ಕರೆಂಟ್ ಬಂದೈತೆ, ಮ್ಯಾಕ್ ಬನ್ನಿ!” ಅಂತ ಕೂಗಿದಳು. ಕೆಳಗಿನಿಂದ ಚಿತ್ತಯ್ಯನ ದನಿ, “ಬಂದೆ ಇರೇ, ಇನ್ನೊಂದ್ ಸುತ್ತು ಐತೆ!”

ನಾನು ಬಗ್ಗಿ ನೋಡಿದೆ. ಅವನ ಎರಡೂ ಕೈ ಮೊಣಕೈವರೆಗೆ ಪಂಪಿನೊಳಗಿದ್ದವು. ನೆಟ್ಟಗಿದ್ದವು.

ಜುಂಜಣ್ಣ ಶೆಡ್ಡಿಗೆ ನುಗ್ಗಿದ. ಬೋರ್ಡಿನ ಮೇಲೆ ಪೆಟ್ಟಿಗೆಗೂ ಮೋಟಾರಿಗೂ ಹೋಗುವ ಮೂರು ಫ್ಯೂಸು ಇರಬೇಕಾದ ಕಡೆ ಮೂರು ಖಾಲಿ ಬಾಯಿ; ಬಲ್ಬಿನ ವೈರು ಬೇರೆ. ಹೊರಗೆ ಬಂದು ತಂಗಿಯನ್ನು ನೋಡಿದ. ಕರಿಯಮ್ಮ ನಾಚಿಕೊಂಡು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಅಡಿಕೆ ಹೋಳುಗಳ ನಡುವೆ ಬಿಳಿ ಪಿಂಗಾಣಿಯ ಮೂರು ಫ್ಯೂಸು.

“ಬೇಜಾರ್ ಮಾಡ್ಕೊಬ್ಯಾಡ ಕಣಣ್ಣ” ಅಂದಳು. “ಅವ್ರು ಇಳಿದಾಗೆಲ್ಲ ನಾನು ಇದನ್ನ ಕಿತ್ತಿಟ್ಕೊಂತೀನಿ. ಮ್ಯಾಕ್ ಬಂದ್ರಾ ಅಂತ ಕೂಗಿ ಕೇಳಿ, ಕಣ್ಣಲ್ಲಿ ನೋಡಿ, ಆಮ್ಯಾಕೆ ಹಾಕ್ತೀನಿ. ಅವ್ರಿಗೂ ಹೇಳಿಲ್ಲ. ನಿನ್ ಗಂಟೆ ಮ್ಯಾಲೆ ನಂಬ್ಕೆ ಐತೆ. ಆದ್ರೂ ಒಳಗಿರೋನು ನನ್ ಗಂಡ.”

ಜುಂಜಣ್ಣ ಅಷ್ಟೆತ್ತರದ ಆಳು, ಒಡಹುಟ್ಟಿದ ತಂಗಿಯ ಕಾಲ ಹತ್ತಿರ ಕುಸಿದು ಕೂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳಿಗೆ ಗಾಬರಿಯಾಯಿತು. “ಅಯ್ಯೋ, ಏನಾಯ್ತಣ್ಣ? ಬುಡಣ್ಣ, ಇನ್ ಮ್ಯಾಕೆ ಕೀಳಾಕಿಲ್ಲ ಬುಡು” ಅನ್ನುತ್ತಿದ್ದಳು. ನನಗೆ ನಗು ಅಳು ಎರಡೂ ಒಟ್ಟಿಗೆ ಬಂತು. ಮೇಲೆ ಬಂದ ಚಿತ್ತಯ್ಯ ಗ್ರೀಸು ಕೈ ಒರೆಸಿಕೊಳ್ಳುತ್ತ, “ಏನ್ ಭಾವ, ಫೋಟೋ ಚೆನ್ನಾಗ್ ಬಂದೈತಾ?” ಅಂದ.

ಮಾರನೇ ದಿನದಿಂದಲೇ ಉಳಿದ ಹತ್ತು ಪೆಟ್ಟಿಗೆಗಳ ಬೇಟೆ. ಪ್ರತಿ ಲಟ್ಟಣಿಗೆಯ ಒಂದು ತುದಿಯನ್ನು ಕೆತ್ತಿ ಸಣ್ಣ ಮಾಡಿದ. ತಿರುವಿ ಕೂರಿಸಬೇಕೆಂದರೂ ಕೂರದ ಹಾಗೆ. ಬಾಗಿಲ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಬರೆದ: ‘ಫ್ಯೂಸು ನಿಮ್ಮ ಸೊಂಟದಲ್ಲಿರಲಿ. ಮೂರು ಸಲ ಕೂಗಿ. ಹದಿನಾರು ಎಣಿಸಿ.’ ಪಾವಗಡದ ಕಡೆಗೆ ನಾನೂ ಹೋದೆ, ತೆಲುಗು ಬೇಕಾಗಿತ್ತಲ್ಲ. ಒಬ್ಬ ಮುದುಕ “ಗಂಟಾ ಮುಂದಾ, ಮೋಟಾರು ಮುಂದಾ?” ಅಂತ ಕೇಳಿದ. ಯಾವುದು ಮೊದಲು ಅಂತ. ಜುಂಜಣ್ಣನಿಗೆ ತೆಲುಗು ಬಾರದು. ಆದರೂ ತಾನೇ ಉತ್ತರ ಕೊಟ್ಟ: “ಮನ್ಸ ಮುಂದಾ ತಾತ.”

ಹದಿನಾರೇ ಯಾಕೆ ಅಂತ ಕೇಳಿದ್ದೆ. ಅವರ ಹಟ್ಟಿಯಲ್ಲಿ ಕುರಿ ಎಣಿಸುವುದೇ ಹಾಗೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ತುದಿ. ಒಂದು ಕೈಗೆ ಹದಿನಾರು. ಎಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಗುಜರಿ ಅಂಗಡಿಯಿಂದ ಒಂದು ಕಂಪ್ಯೂಟರ್ ಹಲಗೆ ತಂದ. ಕೆಂಪು ಅಂಕಿ ಹೊಳೆಯುವ ಆರು ಕಿಂಡಿ, ಇಪ್ಪತ್ತು ಚಿಲ್ಲರೆ ಗುಂಡಿ. ಅದರ ಲೆಕ್ಕವೆಲ್ಲ ನಮ್ಮ ಹಾಗೆ ಹತ್ತರಲ್ಲಲ್ಲ, ಹದಿನಾರರಲ್ಲಿ. ಪುಸ್ತಕ ಇಟ್ಟುಕೊಂಡು ಒಂದು ವಾರ ತಲೆ ಚಚ್ಚಿಕೊಂಡವಳು ನಾನು, ಎಂ.ಎಸ್ಸಿ ಮಾಡಿದವಳು. ಅವನು ಕೈಬೆರಳು ಮಡಿಸಿ, “ಅಯ್ಯೋ, ಇದು ಕುರಿ ಲೆಕ್ಕ ಕಣ್ ಟೀಚರಮ್ಮ!” ಅಂತ ಒಂದು ಸಂಜೆಗೆ ಕಲಿತುಬಿಟ್ಟ. ಲಟ್ಟಣಿಗೆ ಮೊಳೆಗಳೆಲ್ಲ ನೋಟ್‌ಬುಕ್ಕಿನ ಸಾಲುಗಳಾದವು. ಯಾವ ಪ್ರೋಗ್ರಾಮು ಬರೆದರೂ ಮೊದಲ ಸಾಲುಗಳು ಒಂದೇ: ಫ್ಯೂಸು ಬರುವವರೆಗೆ ಕಾಯಿ. ಬಂದ ಮೇಲೆ ಗಂಟೆ ಹೊಡಿ.

ನನಗೆ ಕೊರಟಗೆರೆಗೆ ವರ್ಗವಾದ ಮೇಲೆ ಒಂದೇ ಸಲ ಬಂದಿದ್ದ. ಬತ್ತಿದ ಕೆನ್ನೆ ಇನ್ನೂ ಬತ್ತಿತ್ತು, ಕಣ್ಣು ಹಳದಿಯಾಗಿತ್ತು. ಡಾಕ್ಟರಿಗೆ ತೋರಿಸು ಅಂತ ಚೆನ್ನಾಗಿ ಬೈದೆ. “ತೋರಿಸಾಣ ಬುಡಿ” ಅಂತ ನೋಟ್‌ಬುಕ್ಕು ಮುಂದಿಟ್ಟ. “ಇದ್ರಾಗೆ ಒಂದ್ ತಪ್ಪೈತೆ ಅಂತ ಗೊತ್ತು. ಎಲ್ಲೈತೆ ಅಂತ ಗೊತ್ತಿಲ್ಲ. ಗಂಟೆ ಹೊಡಿಯಾಕಿಲ್ಲ, ಸೀದಾ ಮೋಟಾರು ಓಡ್ತೈತೆ.” ಊಟದ ಹೊತ್ತಿಗೆ ಸಿಕ್ಕಿತು. ಎರಡು ಸಾಲು ಹಿಂದುಮುಂದಾಗಿದ್ದವು. ತಿದ್ದಿಕೊಟ್ಟೆ. ಅವನು ಆ ಸಾಲುಗಳನ್ನು ಬೆರಳಿನಿಂದ ಸವರುತ್ತ ಕೂತಿದ್ದ. ಬಸ್ಸು ಹತ್ತಿಸಿ ಬಂದೆ. ತಿಂಗಳು ತುಂಬುವುದರೊಳಗೆ ಚಿತ್ತಯ್ಯ ಸುದ್ದಿ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ. ಡಾಕ್ಟರ ಹತ್ತಿರ ಹೋಗಿರಲೇ ಇಲ್ಲವಂತೆ. ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟಿದೆ. ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗದ ನನ್ನ ಮೇಲೂ ಇದೆ.

ತಿಥಿಯ ಮಾರನೇ ದಿನ ಬೆಳಿಗ್ಗೆ ಮಧುಗಿರಿಯಲ್ಲಿ ಅವನ ರೂಮು ಖಾಲಿ ಮಾಡಿದೆವು. ಕರಿಯಮ್ಮ, ಚಿತ್ತಯ್ಯ, ನಾನು. ಮೇಜಿನ ಮೇಲೆ ಕಂಪ್ಯೂಟರ್ ಹಲಗೆ ಹಾಗೇ ಇತ್ತು. ಅದರಿಂದ ಒಂದು ವೈರು ಗಂಟೆಗೆ, ಇನ್ನೊಂದು ಪುಟ್ಟ ಮೋಟಾರಿಗೆ. ಪಕ್ಕದಲ್ಲಿ ನಾನು ತಿದ್ದಿದ ನೋಟ್‌ಬುಕ್ಕು ತೆರೆದಿತ್ತು. ಗೋಡೆಯ ಬೋರ್ಡಿನಲ್ಲಿ ಮಾತ್ರ ಖಾಲಿ ಬಾಯಿ. ಅದರ ಫ್ಯೂಸು ಕೊನೆಗಳಿಗೆಯಲ್ಲೂ ಅವನ ಉಡುದಾರದಲ್ಲೇ ಇತ್ತಂತೆ. ಕರಿಯಮ್ಮ ಬಿಚ್ಚಿಕೊಂಡು ತನ್ನ ಎಲೆಅಡಿಕೆ ಚೀಲದಲ್ಲಿಟ್ಟಿದ್ದಳು.

ಕರೆಂಟು ತಪ್ಪಿದರೆ ಬರೆದದ್ದನ್ನೆಲ್ಲ ಮರೆಯುವ ಹಲಗೆ ಅದು. ನೋಟ್‌ಬುಕ್ಕು ನೋಡಿಕೊಂಡು ಆ ಸಾಲುಗಳನ್ನು ಮತ್ತೆ ಒತ್ತಲು ನಾನು ಬ್ಯಾಟರಿ ಹಾಕಿದೆ. ಕೆಂಪು ಅಂಕಿ ಹತ್ತಿದವು. ಸಾಲಿನ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಗುಂಡಿ ಒತ್ತುತ್ತ ಹೋದೆ. ತಿದ್ದಿದ್ದು ಸರಿಯೋ ತಪ್ಪೋ, ನನಗೆ ಗೊತ್ತಾಗಬೇಕಿತ್ತು. “ಹಾಕಮ್ಮ ಫ್ಯೂಸು” ಅಂದೆ.

ಕರಿಯಮ್ಮ ಬೋರ್ಡಿನ ಹತ್ತಿರ ಹೋದಳು. ಹಾಕಲಿಲ್ಲ. ಆ ಖಾಲಿ ರೂಮಿನ ಕಡೆ ತಿರುಗಿ ನಿಂತು ಬಾವಿಗೆ ಕೂಗುವಷ್ಟೇ ಗಟ್ಟಿಯಾಗಿ ಕೂಗಿದಳು.

“ಅಣ್ಣಾ, ಒಳಗಿದ್ದೀಯಾ?”

ಮೂರು ಸಲ ಕೂಗಿದಳು. ಆಮೇಲೆ ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಹದಿನಾರು ಎಣಿಸಿದಳು. ಚಿತ್ತಯ್ಯ ತಲೆ ತಗ್ಗಿಸಿ ನಿಂತಿದ್ದ. ಯಾರೂ ಓಗೊಡಲಿಲ್ಲ. ಅವಳು ಫ್ಯೂಸು ಹಾಕಿದಳು.

ಮೊದಲು ಗಂಟೆ ಹೊಡೆಯಿತು.